ಬೆಂಗಳೂರಿನ 1 ಲಕ್ಷ ರೂ. ಮೈಸೂರಿನ 50 ಸಾವಿರಕ್ಕೆ ಸಮವೇ? ಎರಡು ನಗರಗಳ ಆದಾಯ–ಖರ್ಚಿನ ನಿಜವಾದ ಲೆಕ್ಕ

“ಬೆಂಗಳೂರಿನಲ್ಲಿ 1 ಲಕ್ಷ ದುಡಿಯುವುದೂ ಒಂದೇ, ಮೈಸೂರಿನಲ್ಲಿ 50 ಸಾವಿರ ದುಡಿಯುವುದೂ ಒಂದೇ.” ಈ ಮಾತನ್ನು ನೀವು ನೆಂಟರ ಮನೆಯಲ್ಲೋ, ಕಚೇರಿಯ ಕ್ಯಾಂಟೀನಿನಲ್ಲೋ, ವಾಟ್ಸಾಪ್ ಗುಂಪಿನಲ್ಲೋ ಕೇಳಿರುತ್ತೀರಿ. ಇದಕ್ಕೆ ತದ್ವಿರುದ್ಧವಾದ ಮಾತೂ ಅಷ್ಟೇ ಪ್ರಚಲಿತ: “ಈಗ ಎಲ್ಲಾ ಕಡೆ ರೇಟು ಒಂದೇ, ಮೈಸೂರೇನೂ ಅಗ್ಗ ಅಲ್ಲ.” ಎರಡೂ ಮಾತಿನಲ್ಲಿ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಇವುಗಳಲ್ಲಿ ಯಾವುದನ್ನೇ ನಂಬಿಕೊಂಡು ಕೆಲಸ ಬದಲಿಸಿ, ಮಕ್ಕಳ ಶಾಲೆ ಬಿಡಿಸಿ, ಮನೆ ಖಾಲಿ ಮಾಡಿದರೆ ಆಮೇಲೆ ಹಿಂದಿರುಗುವುದು ಸುಲಭವಲ್ಲ. ಆದ್ದರಿಂದ ಈ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- ಎರಡು ನಗರಗಳ ನಡುವೆ ಎಲ್ಲ ವಸ್ತುಗಳ ಬೆಲೆಯೂ ಒಂದೇ ಪ್ರಮಾಣದಲ್ಲಿ ಬದಲಾಗುವುದಿಲ್ಲ. ದೊಡ್ಡ ವ್ಯತ್ಯಾಸ ಇರುವುದು ಮನೆ ಬಾಡಿಗೆ, ಮನುಷ್ಯರ ದುಡಿಮೆಯಿಂದ ಸಿಗುವ ಸೇವೆಗಳು ಮತ್ತು ಓಡಾಟದಲ್ಲಿ.
- ಆದಾಯದ ವ್ಯತ್ಯಾಸವೂ ಎಲ್ಲರಿಗೂ ಒಂದೇ ಅಲ್ಲ. ಅದು ನಿಮ್ಮ ಉದ್ಯೋಗದ ಮೇಲೆ ನಿಂತಿದೆ.
- ಹೀಗಾಗಿ “ಇಷ್ಟಕ್ಕೆ ಇಷ್ಟು ಸಮ” ಎಂಬ ಒಂದೇ ಸೂತ್ರ ಎಲ್ಲರಿಗೂ ಹೊಂದುವುದಿಲ್ಲ. ಎಷ್ಟು ದುಡಿಯುತ್ತೇವೆ ಎನ್ನುವುದಕ್ಕಿಂತ ತಿಂಗಳ ಕೊನೆಗೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಬೇಕು.

ಹತ್ತಿರದ ಊರುಗಳು, ಬೇರೆ ಬೇರೆ ಗಾತ್ರ

ಬೆಂಗಳೂರು ಮತ್ತು ಮೈಸೂರಿನ ನಡುವಿನ ಅಂತರ ಸುಮಾರು 145 ಕಿ.ಮೀ. ಎರಡೂ ಒಂದೇ ರಾಜ್ಯದಲ್ಲಿವೆ, ಎರಡಕ್ಕೂ ಕಾವೇರಿ ನೀರೇ ಆಧಾರ. ಆದರೆ 2011ರ ಜನಗಣತಿಯ ಪ್ರಕಾರ ಬೆಂಗಳೂರು ಮಹಾನಗರ ಪ್ರದೇಶದ ಜನಸಂಖ್ಯೆ ಸುಮಾರು 85 ಲಕ್ಷ, ಮೈಸೂರಿನದು ಸುಮಾರು 10 ಲಕ್ಷ. ಅಂದರೆ ಎಂಟು ಪಟ್ಟಿಗೂ ಹೆಚ್ಚು ವ್ಯತ್ಯಾಸ. ಆ ನಂತರ ಎರಡೂ ಬೆಳೆದಿವೆ. ಬೆಲೆ ಮತ್ತು ಸಂಬಳಗಳ ಅಂತರಕ್ಕೆ ಮೂಲ ಕಾರಣ ಈ ಗಾತ್ರದ ಅಂತರ.

ಯಾವುದರ ಬೆಲೆ ಬದಲಾಗುತ್ತದೆ, ಯಾವುದರದ್ದು ಇಲ್ಲ?

ಮನೆಯ ಖರ್ಚನ್ನು ಮೂರು ಗುಂಪು ಮಾಡಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ.

*1. ಎರಡೂ ಕಡೆ ಒಂದೇ ಬೆಲೆ.* ಪೊಟ್ಟಣದ ಮೇಲೆ ಎಂಆರ್‌ಪಿ ಮುದ್ರಿಸಿರುವ ಎಲ್ಲವೂ ಈ ಗುಂಪಿಗೆ ಸೇರುತ್ತವೆ: ಸೋಪು, ಎಣ್ಣೆ, ಔಷಧಿ, ಬಿಸ್ಕತ್ತು. ಮೊಬೈಲ್ ರೀಚಾರ್ಜ್, ಆನ್‌ಲೈನ್‌ನಲ್ಲಿ ಕೊಳ್ಳುವ ಸಾಮಾನು, ಫ್ರಿಜ್, ಲ್ಯಾಪ್‌ಟಾಪ್, ವಿಮೆಯ ಕಂತು, ಸಾಲದ ಬಡ್ಡಿ ಕೂಡ ಇಲ್ಲಿಯೇ ಬರುತ್ತವೆ. ನಂದಿನಿ ಹಾಲಿನ ದರ ರಾಜ್ಯದಾದ್ಯಂತ ಬಹುಮಟ್ಟಿಗೆ ಒಂದೇ. ಚಿನ್ನದ ದರದಲ್ಲೂ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಎರಡೂ ಊರುಗಳಿಗೆ ಅನ್ವಯಿಸುತ್ತದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಟಿಕೆಟ್ ಖರ್ಚು ಎರಡೂ ಕಡೆ ಸೊನ್ನೆ.

*2. ಸ್ವಲ್ಪ ವ್ಯತ್ಯಾಸ.* ತರಕಾರಿ, ಹಣ್ಣು, ಅಕ್ಕಿ, ಬೇಳೆ. ಇವು ಲಾರಿಯಲ್ಲಿ ಓಡಾಡುವ ವಸ್ತುಗಳು. ಒಂದು ಊರಿನಲ್ಲಿ ಬೆಲೆ ತುಂಬಾ ಏರಿದರೆ ವ್ಯಾಪಾರಿಗಳು ಅಲ್ಲಿಗೇ ಸರಕು ಸಾಗಿಸುತ್ತಾರೆ, ಅಂತರ ಕಡಿಮೆಯಾಗುತ್ತದೆ. ಉಳಿಯುವುದು ಸಾಗಣೆ ಖರ್ಚು ಮತ್ತು ಅಂಗಡಿಯ ಬಾಡಿಗೆಯಿಂದ ಬರುವ ವ್ಯತ್ಯಾಸ ಮಾತ್ರ.

*3. ದೊಡ್ಡ ವ್ಯತ್ಯಾಸ.* ಮನೆ ಬಾಡಿಗೆ, ನಿವೇಶನ, ಖಾಸಗಿ ಶಾಲೆಯ ಶುಲ್ಕ, ಮನೆಗೆಲಸದವರ ಸಂಬಳ, ಕ್ಷೌರ, ಹೋಟೆಲ್ ಊಟ, ಪ್ಲಂಬರ್, ಆಟೋ. ಇವ್ಯಾವುದನ್ನೂ ಲಾರಿಗೆ ಹಾಕಿ ಇನ್ನೊಂದು ಊರಿಗೆ ಸಾಗಿಸಲಾಗದು. ಮೈಸೂರಿನಲ್ಲಿ ಬಾಡಿಗೆ ಕಡಿಮೆ ಎಂದು ಅಲ್ಲಿನ ಮನೆಯನ್ನು ತಂದು ಕೋರಮಂಗಲದಲ್ಲಿ ನಿಲ್ಲಿಸಲು ಸಾಧ್ಯವಿಲ್ಲವಲ್ಲ!

ಕ್ಷೌರಕ್ಕೆ ಬೆಂಗಳೂರಿನಲ್ಲಿ ಹೆಚ್ಚು ದುಡ್ಡೇಕೆ?

ಎರಡೂ ಊರಿನ ಕ್ಷೌರಿಕರ ಕೈಯಲ್ಲಿರುವುದು ಅದೇ ಕತ್ತರಿ, ಅದೇ ಬಾಚಣಿಗೆ. ಬೆಂಗಳೂರಿನವರು ಗಂಟೆಗೆ ಹೆಚ್ಚು ತಲೆಗಳಿಗೆ ಕ್ಷೌರ ಮಾಡುವುದೂ ಇಲ್ಲ. ಆದರೂ ದರ ಹೆಚ್ಚು.

ಇದಕ್ಕೆ ಅರ್ಥಶಾಸ್ತ್ರಜ್ಞರಾದ ಬೇಲಾ ಬಲಾಸ್ಸ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ 1964ರಲ್ಲಿ ಬೇರೆ ಬೇರೆಯಾಗಿ ಕೊಟ್ಟ ವಿವರಣೆ ಪ್ರಸಿದ್ಧವಾಗಿದೆ. ಅವರು ಹೇಳಿದ್ದು ದೇಶಗಳ ಬಗ್ಗೆ, ಆದರೆ ತರ್ಕ ನಗರಗಳಿಗೂ ಹೊಂದುತ್ತದೆ. ಹೊರಗಿನ ಜಗತ್ತಿಗೆ ಮಾರಾಟವಾಗುವ ಕೆಲಸ, ಉದಾಹರಣೆಗೆ ಸಾಫ್ಟ್‌ವೇರ್, ಒಂದು ಊರಿನಲ್ಲಿ ಹೆಚ್ಚು ಸಂಬಳ ಕೊಡತೊಡಗಿದರೆ ಆ ಊರಿನಲ್ಲಿ ಬಾಡಿಗೆ ಏರುತ್ತದೆ. ಅಲ್ಲೇ ಬದುಕಬೇಕಾದ ಕ್ಷೌರಿಕ, ಚಾಲಕ, ಅಡುಗೆಯವರು ಹೆಚ್ಚು ಕೂಲಿ ಕೇಳಲೇಬೇಕಾಗುತ್ತದೆ. ಇಲ್ಲದಿದ್ದರೆ ಅವರು ಆ ಊರಿನಲ್ಲಿ ಉಳಿಯಲಾರರು. ಹೀಗೆ ಸ್ಥಳೀಯ ಸೇವೆಗಳ ದರವೆಲ್ಲ ಮೇಲೇರುತ್ತದೆ.

ಇದೇ ಮಾತನ್ನು ತಿರುಗಿಸಿ ನೋಡಿ. ಮೈಸೂರಿನಲ್ಲಿ ಒಬ್ಬರಿಗೆ “ಅಗ್ಗ” ಎನಿಸುವ ಸೇವೆ ಎಂದರೆ ಬಹುಪಾಲು ಅದನ್ನು ಒದಗಿಸುವ ಇನ್ನೊಬ್ಬರಿಗೆ ಸಿಗುವ ಕಡಿಮೆ ಕೂಲಿ. “ಮೈಸೂರು ಅಗ್ಗದ ಊರು” ಎಂಬ ಮಾತು ಯಾರ ಬಾಯಿಂದ ಬರುತ್ತಿದೆ ಎನ್ನುವುದೂ ಮುಖ್ಯ.

ಆದಾಯದ ಅಂತರ: ಉದ್ಯೋಗಕ್ಕೊಂದು ಲೆಕ್ಕ

*ಕೇಂದ್ರ ಸರ್ಕಾರಿ ನೌಕರರು.* ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿರುವವರಿಗೂ ಬೆಂಗಳೂರಿನ ಕೇಂದ್ರ ಕಚೇರಿಯಲ್ಲಿರುವವರಿಗೂ ದರ್ಜೆ ಒಂದೇ ಆಗಿದ್ದರೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಒಂದೇ. ಮುಖ್ಯವಾಗಿ ಬದಲಾಗುವುದು ಮನೆ ಬಾಡಿಗೆ ಭತ್ಯೆ. 50 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳು ‘ಎಕ್ಸ್’, 5ರಿಂದ 50 ಲಕ್ಷದವು ‘ವೈ’, ಉಳಿದವು ‘ಝಡ್’ ಎಂಬ ವರ್ಗೀಕರಣವಿದೆ. 7ನೇ ವೇತನ ಆಯೋಗದ ವ್ಯವಸ್ಥೆಯಲ್ಲಿ, 2024ರ ಜನವರಿಯಲ್ಲಿ ತುಟ್ಟಿಭತ್ಯೆ ಶೇ 50 ಮುಟ್ಟಿದ ಮೇಲೆ ಈ ಭತ್ಯೆ ಮೂಲ ವೇತನದ ಶೇ 30, 20 ಮತ್ತು 10 ಆಯಿತು. ಬೆಂಗಳೂರು ಎಕ್ಸ್, ಮೈಸೂರು ವೈ. ಮೂಲ ವೇತನ 50,000 ರೂ. ಇದ್ದವರಿಗೆ ಬೆಂಗಳೂರಿನಲ್ಲಿ 15,000, ಮೈಸೂರಿನಲ್ಲಿ 10,000 ರೂ. ಇವರ ಮಟ್ಟಿಗೆ ಊರು ಬದಲಾದರೆ ಭತ್ಯೆಯಲ್ಲಿ ಕಡಿಮೆಯಾಗುವುದು 5,000 ರೂ. ಬಾಡಿಗೆಯಲ್ಲಿ ಅದಕ್ಕಿಂತ ಹೆಚ್ಚು ಉಳಿದರೆ ಮೈಸೂರು ನಿಜಕ್ಕೂ ಲಾಭ.

*ಖಾಸಗಿ ಉದ್ಯೋಗ.* ಇಲ್ಲಿ ಅಂತರ ದೊಡ್ಡದಾಗಬಹುದು. ಕಾರಣ ಬರೀ ಸಂಬಳದ ದರವಲ್ಲ, ಕೆಲಸ ಕೊಡುವವರ ಸಂಖ್ಯೆ. ಬೆಂಗಳೂರಿನಲ್ಲಿ ಒಂದೇ ಕೌಶಲಕ್ಕೆ ನೂರಾರು ಕಂಪನಿಗಳು ಪೈಪೋಟಿ ನಡೆಸುತ್ತವೆ. ಮೈಸೂರಿನಲ್ಲಿ ಇನ್ಫೋಸಿಸ್‌ನಂತಹ ದೊಡ್ಡ ಕ್ಯಾಂಪಸ್ ಇದ್ದರೂ ಆಯ್ಕೆಗಳ ಒಟ್ಟು ಸಂಖ್ಯೆ ಕಡಿಮೆ.

*ದಿನಗೂಲಿ ಮತ್ತು ಸೇವಾ ವಲಯ.* ರಾಜ್ಯದ ಕನಿಷ್ಠ ವೇತನವನ್ನೇ ವಲಯವಾರು ನಿಗದಿ ಮಾಡುತ್ತಾರೆ, ಬೆಂಗಳೂರು ಮೇಲಿನ ವಲಯದಲ್ಲಿದೆ. ಕಟ್ಟಡ ಕೆಲಸ, ಡೆಲಿವರಿ, ಮನೆಗೆಲಸಗಳಲ್ಲಿ ಸಂಬಳದ ಜೊತೆಗೆ ಕೆಲಸ ಸಿಗುವ ದಿನಗಳ ಸಂಖ್ಯೆಯೂ ದೊಡ್ಡ ನಗರದಲ್ಲಿ ಹೆಚ್ಚಿರುತ್ತದೆ.

*ಪಿಂಚಣಿದಾರರು.* ಪಿಂಚಣಿ ಊರು ನೋಡಿ ಬರುವುದಿಲ್ಲ. ಹಾಗಾಗಿ ಇವರಿಗೆ ಆದಾಯ ಅಷ್ಟೇ ಇದ್ದು ಖರ್ಚು ಇಳಿಯುತ್ತದೆ. ಒಂದು ಕಾಲದಲ್ಲಿ ‘ಪಿಂಚಣಿದಾರರ ಸ್ವರ್ಗ’ ಎಂದು ಕರೆಸಿಕೊಂಡದ್ದು ಬೆಂಗಳೂರೇ ಎನ್ನುವುದನ್ನು ಇಲ್ಲಿ ನೆನೆಯಬಹುದು.

ಅಂಕಿ–ಅಂಶ ಓದುವಾಗ ಎಡವುವ ಮೂರು ಜಾಗಗಳು

*ತಲಾ ಆದಾಯವನ್ನು ಸಂಬಳ ಎಂದುಕೊಳ್ಳುವುದು.* ಜಿಲ್ಲಾವಾರು ತಲಾ ಆದಾಯದಲ್ಲಿ ಬೆಂಗಳೂರು ನಗರ ಜಿಲ್ಲೆ ರಾಜ್ಯಕ್ಕೇ ಮೊದಲು. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಈ ಒಂದೇ ಜಿಲ್ಲೆಯದು. ಆದರೆ ತಲಾ ಆದಾಯ ಎಂದರೆ ಜಿಲ್ಲೆಯ ಒಟ್ಟು ಉತ್ಪನ್ನದ ಮೌಲ್ಯವನ್ನು ಜನಸಂಖ್ಯೆಯಿಂದ ಭಾಗಿಸಿದ ಸಂಖ್ಯೆ. ಕಂಪನಿಗಳ ಲಾಭವೂ ಅದರಲ್ಲಿ ಸೇರಿರುತ್ತದೆ. ಅದು ಸಾಮಾನ್ಯ ಕುಟುಂಬದ ಕೈಗೆ ಬರುವ ಹಣವಲ್ಲ.

*ಗ್ರಾಹಕ ಬೆಲೆ ಸೂಚ್ಯಂಕವನ್ನು ಹೋಲಿಸುವುದು.* ಕೇಂದ್ರದ ಲೇಬರ್ ಬ್ಯೂರೋ ಕೈಗಾರಿಕಾ ಕಾರ್ಮಿಕರಿಗಾಗಿ 88 ಕೇಂದ್ರಗಳ ಬೆಲೆ ಸೂಚ್ಯಂಕ ತಯಾರಿಸುತ್ತದೆ. ಬೆಂಗಳೂರು, ಮೈಸೂರು ಎರಡೂ ಅದರಲ್ಲಿವೆ. ಒಂದು ವೇಳೆ ಮೈಸೂರಿನ ಸೂಚ್ಯಂಕ ಬೆಂಗಳೂರಿಗಿಂತ ಮೇಲಿದ್ದರೆ ಮೈಸೂರು ದುಬಾರಿ ಎಂದರ್ಥವೇ? ಅಲ್ಲ. ಪ್ರತಿ ಕೇಂದ್ರದಲ್ಲೂ 2016ರ ಅಲ್ಲಿನ ಬೆಲೆಯನ್ನೇ 100 ಎಂದು ಇಟ್ಟುಕೊಳ್ಳಲಾಗಿದೆ. ಹಾಗಾಗಿ ಆ ಸಂಖ್ಯೆ ಹೇಳುವುದು ಆಯಾ ಊರಿನಲ್ಲಿ ಬೆಲೆ ಎಷ್ಟು ಏರಿತು ಎನ್ನುವುದನ್ನು ಮಾತ್ರ. ಯಾವ ಊರು ದುಬಾರಿ ಎಂದು ಅದು ಹೇಳುವುದಿಲ್ಲ. ಇಬ್ಬರು ಮಕ್ಕಳು ಕಳೆದ ವರ್ಷಕ್ಕಿಂತ ಎಷ್ಟು ಬೆಳೆದರು ಎಂಬುದರಿಂದ ಯಾರು ಎತ್ತರ ಎಂದು ತಿಳಿಯದಲ್ಲವೇ, ಹಾಗೆ.

*ಜಾಲತಾಣಗಳ ಜೀವನವೆಚ್ಚ ಸೂಚ್ಯಂಕ.* ನಂಬಿಯೋದಂತಹ ತಾಣಗಳು ನ್ಯೂಯಾರ್ಕ್ ನಗರವನ್ನು 100 ಎಂದಿಟ್ಟುಕೊಂಡು ಬೇರೆ ನಗರಗಳನ್ನು ಅಳೆಯುತ್ತವೆ. ಅಂಕಿಗಳ ಬಹುಭಾಗ ಬರುವುದು ಬಳಕೆದಾರರು ತುಂಬಿದ ಮಾಹಿತಿಯಿಂದ. ಪಟ್ಟಿಯಲ್ಲಿ ಕ್ಯಾಪುಚಿನೊ, ಜೀನ್ಸ್ ಪ್ಯಾಂಟಿನಂತಹವೂ ಇವೆ. ಇದಕ್ಕಿಂತ ಮುಖ್ಯವಾಗಿ, ಅದರ ‘ಜೀವನವೆಚ್ಚ ಸೂಚ್ಯಂಕ’ದಲ್ಲಿ ಬಾಡಿಗೆ ಸೇರಿಲ್ಲ, ಬಾಡಿಗೆಗೆ ಬೇರೆಯದೇ ಸೂಚ್ಯಂಕವಿದೆ. ಎರಡು ಊರುಗಳ ನಡುವಿನ ಅತಿ ದೊಡ್ಡ ವ್ಯತ್ಯಾಸವೇ ಬಾಡಿಗೆಯಾಗಿರುವಾಗ ಈ ಸೂಕ್ಷ್ಮ ಗೊತ್ತಿಲ್ಲದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಒಂದು ಮಾದರಿ ಲೆಕ್ಕ

ಗಂಡ, ಹೆಂಡತಿ, ಶಾಲೆಗೆ ಹೋಗುವ ಒಂದು ಮಗು ಇರುವ, ಬಾಡಿಗೆ ಮನೆಯಲ್ಲಿರುವ ಕುಟುಂಬವನ್ನು ತೆಗೆದುಕೊಳ್ಳೋಣ. ದುಡಿಯುವವರು ಒಬ್ಬರು. ಕೆಳಗಿನ ಅಂಕಿಗಳು ಲೆಕ್ಕದ ವಿಧಾನ ತೋರಿಸಲು ಇಟ್ಟುಕೊಂಡವು, ಸಮೀಕ್ಷೆಯವಲ್ಲ. ನಿಮ್ಮ ಅಂಕಿಗಳನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಿ.

| ತಿಂಗಳ ಖರ್ಚು | ಬೆಂಗಳೂರು (ರೂ.) | ಮೈಸೂರು (ರೂ.) |
|---|---|---|
| ಬಾಡಿಗೆ, ನಿರ್ವಹಣಾ ಶುಲ್ಕ | 28,000 | 14,000 |
| ದಿನಸಿ, ಹಾಲು, ತರಕಾರಿ | 14,000 | 13,000 |
| ಶಾಲೆ | 10,000 | 6,500 |
| ಓಡಾಟ | 6,000 | 3,000 |
| ಮನೆಗೆಲಸ, ಹೋಟೆಲ್, ಇತರ ಸೇವೆ | 9,000 | 6,000 |
| ವಿದ್ಯುತ್, ಗ್ಯಾಸ್, ಮೊಬೈಲ್, ಇಂಟರ್ನೆಟ್ | 4,000 | 4,000 |
| ವಿಮೆ, ಸಾಲದ ಕಂತು | 12,000 | 12,000 |
| ಒಟ್ಟು | 83,000 | 58,500 |

ಬೆಂಗಳೂರಿನಲ್ಲಿ ಕೈಗೆ ಬರುವ ಸಂಬಳ 1,00,000 ರೂ. ಇದ್ದರೆ ಉಳಿಯುವುದು 17,000. ಮೈಸೂರಿನಲ್ಲೂ ಅಷ್ಟೇ ಉಳಿಯಬೇಕಾದರೆ 75,500 ರೂ. ಸಂಬಳ ಬೇಕು. ಅಂದರೆ ಕಾಲು ಭಾಗದಷ್ಟು ಸಂಬಳ ಕಡಿಮೆಯಾದರೂ ಈ ಕುಟುಂಬಕ್ಕೆ ನಷ್ಟವಿಲ್ಲ. “ಎಲ್ಲಾ ಕಡೆ ಒಂದೇ” ಎಂಬ ಮಾತು ಇಲ್ಲಿಗೆ ಸುಳ್ಳಾಯಿತು. ಆದರೆ “50 ಸಾವಿರ ಸಾಕು” ಎಂದು ನಂಬಿ ಹೋದರೆ? ಪ್ರತಿ ತಿಂಗಳು 8,500 ರೂ. ಸಾಲ!

ಇಲ್ಲಿ ಎರಡು ವಿಷಯ ಗಮನಿಸಿ. ಒಟ್ಟು ಕಡಿಮೆಯಾದ 24,500 ರೂಪಾಯಿಯಲ್ಲಿ 14,000, ಅಂದರೆ ಅರ್ಧಕ್ಕಿಂತ ಹೆಚ್ಚು, ಬಾಡಿಗೆ ಒಂದರಿಂದಲೇ ಬಂದಿದೆ. ಈ ಕುಟುಂಬಕ್ಕೆ ಬೆಂಗಳೂರಿನಲ್ಲಿ ಸ್ವಂತ ಮನೆ ಇದ್ದಿದ್ದರೆ ಚಿತ್ರವೇ ಬದಲಾಗುತ್ತಿತ್ತು. ಆ ಮನೆಯನ್ನು ಬಾಡಿಗೆಗೆ ಕೊಟ್ಟರಷ್ಟೇ ಮೈಸೂರಿನ ಲಾಭ ಮರಳಿ ಬರುತ್ತದೆ.

ಇನ್ನೊಂದು, ಹೆಂಡತಿಯೂ ಬೆಂಗಳೂರಿನಲ್ಲಿ 40,000 ರೂ. ದುಡಿಯುತ್ತಿದ್ದು, ಮೈಸೂರಿನಲ್ಲಿ ಆಕೆಗೆ ಕೆಲಸ ಸಿಗದೆ ಹೋದರೆ ಹೋಲಿಕೆ 57,000ಕ್ಕೂ 17,000ಕ್ಕೂ ನಡುವೆ ಆಗುತ್ತದೆ. ಊರು ಬದಲಿಸುವ ಚರ್ಚೆಯಲ್ಲಿ ಒಬ್ಬರ ಸಂಬಳ ಮಾತ್ರ ಲೆಕ್ಕಕ್ಕೆ ಬಂದು ಇನ್ನೊಬ್ಬರ ಉದ್ಯೋಗ ಸದ್ದಿಲ್ಲದೆ ಕಳೆದುಹೋಗುವುದು ಹೀಗೆಯೇ.

ಶೇಕಡಾವಾರು ಉಳಿತಾಯದ ಭ್ರಮೆ

“ಎರಡೂ ಕಡೆ ಸಂಬಳದ ಶೇ 30 ಉಳಿಯುತ್ತದೆ, ಹಾಗಾಗಿ ಎರಡೂ ಒಂದೇ” ಎಂಬ ವಾದವೂ ಇದೆ. 1 ಲಕ್ಷದ ಶೇ 30 ಎಂದರೆ 30,000. 60 ಸಾವಿರದ ಶೇ 30 ಎಂದರೆ 18,000. ತಿಂಗಳಿಗೆ 12,000ದಂತೆ ಹತ್ತು ವರ್ಷಕ್ಕೆ, ಬಡ್ಡಿ ಬಿಟ್ಟೂ, 14.4 ಲಕ್ಷ ರೂ. ಅಂತರ. ನಾವು ಉಳಿತಾಯ ಮಾಡುವುದು ಮಗಳ ಇಂಜಿನಿಯರಿಂಗ್ ಓದಿಗೆ, ಚಿನ್ನಕ್ಕೆ, ಕಾರಿಗೆ, ದೊಡ್ಡ ಆಪರೇಷನ್ನಿಗೆ. ಇವುಗಳ ಬೆಲೆ ಬಹುಪಾಲು ನೀವು ಯಾವ ಊರಿನಲ್ಲಿದ್ದರೂ ಒಂದೇ. ಆದ್ದರಿಂದ ಉಳಿತಾಯವನ್ನು ರೂಪಾಯಿಯಲ್ಲೇ ಹೋಲಿಸಬೇಕು. ಉಳಿತಾಯದ ಗುರಿ ಮೈಸೂರಿನಲ್ಲೇ ಒಂದು ಮನೆ ಎಂದಾದರೆ ಮಾತ್ರ ಈ ನಿಯಮಕ್ಕೆ ವಿನಾಯಿತಿ.

ಪಟ್ಟಿಯಲ್ಲಿ ಕಾಣದ ಖರ್ಚುಗಳು

*ಮುಂಗಡ.* ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ 5ರಿಂದ 10 ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿಯಿದೆ. 2.5 ಲಕ್ಷ ರೂ. ಹೀಗೆ ಕೂತರೆ, ಶೇ 7 ಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ 17,500 ರೂ. ಕಣ್ಣಿಗೆ ಕಾಣದೆ ಹೋಗುತ್ತದೆ. ಬಿಡುವಾಗ ಬಣ್ಣದ ಖರ್ಚೆಂದು ಹಿಡಿದುಕೊಳ್ಳುವುದು ಬೇರೆ.

*ಸಮಯ.* ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ ಬೇಕಾಯಿತು. ಊರು ಬದಲಿಸಿದ್ದರಿಂದ ದಿನಕ್ಕೆ 1 ಗಂಟೆ 20 ನಿಮಿಷ ಉಳಿಯಿತು ಎಂದಿಟ್ಟುಕೊಳ್ಳಿ. 22 ಕೆಲಸದ ದಿನಗಳಿಗೆ 29 ಗಂಟೆ, ಅಂದರೆ ಮೂರೂವರೆ ಕೆಲಸದ ದಿನಗಳಿಗಿಂತ ಹೆಚ್ಚು.

*ನೀರು.* ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಆಗಿ ಬರಬೇಕು. ಮೈಸೂರಿಗೆ ಕಾವೇರಿ, ಕಬಿನಿ ಎರಡೂ ಹತ್ತಿರ. ಬೆಂಗಳೂರಿನ ಹೊರ ಬಡಾವಣೆಗಳಲ್ಲಿ ಬೇಸಿಗೆಯ ಟ್ಯಾಂಕರ್ ಖರ್ಚು ಬಾಡಿಗೆಯ ಮೇಲೊಂದು ಬಾಡಿಗೆ ಇದ್ದಂತೆ. 2024ರ ಬೇಸಿಗೆ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು.

*ಮುಂದಿನ ಕೆಲಸ.* ಇರುವ ಕೆಲಸ ಹೋದರೆ ಬೆಂಗಳೂರಿನಲ್ಲಿ ಮನೆ ಬದಲಿಸದೆ ಇನ್ನೊಂದನ್ನು ಹುಡುಕಬಹುದು. ಚಿಕ್ಕ ನಗರದಲ್ಲಿ ಮುಂದಿನ ಕೆಲಸಕ್ಕಾಗಿ ಊರನ್ನೇ ಬಿಡಬೇಕಾಗಿ ಬರಬಹುದು.

*ವೈದ್ಯಕೀಯ ಸೌಲಭ್ಯ.* ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಸೇರಿದಂತೆ ಒಳ್ಳೆಯ ವ್ಯವಸ್ಥೆ ಇದೆ. ಆದರೆ ನಿಮ್ಹಾನ್ಸ್, ಕಿದ್ವಾಯಿಗೆ ತಪ್ಪದೆ ಹೋಗಬೇಕಾದ ರೋಗಿ ಮನೆಯಲ್ಲಿದ್ದರೆ ಆ ಓಡಾಟವನ್ನೂ ಲೆಕ್ಕಕ್ಕೆ ಸೇರಿಸಿ.

“ಎಕ್ಸ್‌ಪ್ರೆಸ್‌ವೇ ಇದೆಯಲ್ಲ, ಮೈಸೂರಿನಿಂದಲೇ ಓಡಾಡಬಹುದು”

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೆದ್ದಾರಿಯಿಂದ ಪ್ರಯಾಣದ ಸಮಯ ಬಹಳ ಕಡಿಮೆಯಾಗಿರುವುದು ನಿಜ. ಆದರೆ “ಒಂದೂವರೆ ಗಂಟೆ” ಎಂಬುದು ಊರಿನ ಅಂಚಿನಿಂದ ಅಂಚಿಗೆ. ಹೆದ್ದಾರಿ ಬಂದು ಸೇರುವುದು ಬೆಂಗಳೂರಿನ ನೈಋತ್ಯ ಬದಿಗೆ. ನಿಮ್ಮ ಕಚೇರಿ ವೈಟ್‌ಫೀಲ್ಡ್‌ನಲ್ಲಿದ್ದರೆ ಇಡೀ ನಗರವನ್ನು ದಾಟಬೇಕು.

ಹಣದ ಲೆಕ್ಕವನ್ನೂ ನೋಡಿ. ಹೋಗಿ ಬರಲು ಸುಮಾರು 290 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 19 ಲೀಟರಿಗಿಂತ ಹೆಚ್ಚು ಪೆಟ್ರೋಲ್ ಬೇಕು. ಲೀಟರಿಗೆ 100 ರೂ. ಎಂದಿಟ್ಟುಕೊಂಡರೂ ದಿನಕ್ಕೆ 1,900 ರೂ. ಮೇಲೆ, 22 ದಿನಕ್ಕೆ 42,000 ರೂ. ದಾಟುತ್ತದೆ. ಇದಕ್ಕೆ ಟೋಲ್ ಬೇರೆ. 2023ರ ಆಗಸ್ಟ್‌ನಿಂದ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ರೈಲು ಅಗ್ಗ, ಆದರೆ ಒಂದು ಕಡೆಗೆ 2ರಿಂದ 3 ಗಂಟೆ. ಮನೆಯಿಂದ ಕೆಲಸ ಮಾಡಿಕೊಂಡು ವಾರಕ್ಕೊಮ್ಮೆ ಕಚೇರಿಗೆ ಹೋಗುವವರಿಗೆ ಮಾತ್ರ ಈ ಉಪಾಯ ಹೊಂದುತ್ತದೆ. ಬೆಂಗಳೂರಿನ ಸಂಬಳ, ಮೈಸೂರಿನ ಬಾಡಿಗೆ ಎರಡೂ ಅವರಿಗೆ ಸಿಗುತ್ತವೆ.

ಕಡಿಮೆ ಆದಾಯದವರಿಗೆ ಲೆಕ್ಕ ಬೇರೆಯೇ

ಜರ್ಮನಿಯ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಗುರುತಿಸಿದ ನಿಯಮವೊಂದಿದೆ: ಕುಟುಂಬದ ಆದಾಯ ಕಡಿಮೆಯಾದಷ್ಟೂ ಖರ್ಚಿನಲ್ಲಿ ಊಟದ ಪಾಲು ಹೆಚ್ಚು. ಭಾರತದ 2023–24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಲ್ಲೂ ಆಹಾರದ ಪಾಲು ನಗರಗಳಲ್ಲಿ ಸುಮಾರು ಶೇ 40, ಹಳ್ಳಿಗಳಲ್ಲಿ ಸುಮಾರು ಶೇ 47.

ಇದನ್ನು ಮೇಲಿನ ಮೂರು ಗುಂಪುಗಳ ಜೊತೆ ಇಟ್ಟು ನೋಡಿ. ಆಹಾರದ ಬೆಲೆ ಎರಡೂ ಊರುಗಳಲ್ಲಿ ಹೆಚ್ಚು ಕಡಿಮೆ ಒಂದೇ. ಹಾಗಿದ್ದರೆ, ಸಂಪಾದನೆಯ ದೊಡ್ಡ ಪಾಲನ್ನು ಊಟಕ್ಕೇ ಹಾಕುವ ಕುಟುಂಬಕ್ಕೆ ಮೈಸೂರಿನ ಅಗ್ಗದ ಬಾಡಿಗೆಯಿಂದ ಸಿಗುವ ಲಾಭ ಚಿಕ್ಕದು, ಕಡಿಮೆ ಕೂಲಿಯಿಂದ ಆಗುವ ನಷ್ಟ ದೊಡ್ಡದು. ಇಷ್ಟು ದುಬಾರಿಯಾದರೂ ಜನ ಬೆಂಗಳೂರಿಗೇ ಏಕೆ ಬರುತ್ತಾರೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ. ಒಂದು ಕೋಣೆಯನ್ನು ನಾಲ್ವರು ಹಂಚಿಕೊಂಡು ಊರಿಗೆ ಹಣ ಕಳಿಸುವವರ ಲೆಕ್ಕ ತಪ್ಪಿಲ್ಲ.

ನಿಮ್ಮ ಲೆಕ್ಕವನ್ನು ಹೀಗೆ ಮಾಡಿ

1. ಕಳೆದ ಮೂರು ತಿಂಗಳ ಬ್ಯಾಂಕ್ ಮತ್ತು ಯುಪಿಐ ವಿವರ ತೆಗೆದು ಖರ್ಚನ್ನು ಮೂರು ಗುಂಪು ಮಾಡಿ: ಬದಲಾಗದ್ದು, ಸ್ವಲ್ಪ ಬದಲಾಗುವುದು, ಪೂರ್ತಿ ಬದಲಾಗುವುದು.
2. ಮೂರನೇ ಗುಂಪಿನ ಬೆಲೆಗಳನ್ನಷ್ಟೇ ಹೊಸ ಊರಿನಲ್ಲಿ ವಿಚಾರಿಸಿ. ‘ಮೈಸೂರು’ ಎಂದು ಸರಾಸರಿ ಕೇಳದೆ ಬಡಾವಣೆಯ ಹೆಸರು ಹಿಡಿದು ಕೇಳಿ. ಒಂದೇ ನಗರದ ಎರಡು ಬಡಾವಣೆಗಳ ಅಂತರ ಎರಡು ನಗರಗಳ ಅಂತರಕ್ಕಿಂತ ದೊಡ್ಡದಿರಬಹುದು.
3. ವಾರ್ಷಿಕ ಪ್ಯಾಕೇಜ್ ಬಿಟ್ಟು ಕೈಗೆ ಬರುವ ಸಂಬಳವನ್ನು ಹೋಲಿಸಿ. ಮನೆಯ ಎಲ್ಲ ದುಡಿಯುವವರದ್ದನ್ನೂ ಸೇರಿಸಿ.
4. ಉಳಿಯುವ ಹಣವನ್ನು ರೂಪಾಯಿಯಲ್ಲಿ ಬರೆಯಿರಿ.
5. ಪಕ್ಕದಲ್ಲಿ ತಿಂಗಳಿಗೆ ಉಳಿಯುವ ಅಥವಾ ಕಳೆಯುವ ಗಂಟೆಗಳನ್ನು ಬರೆಯಿರಿ. ಹಣ ಕಡಿಮೆಯಾಗಿ ಸಮಯ ಹೆಚ್ಚಾದರೆ, ಒಂದು ಗಂಟೆಗೆ ಎಷ್ಟು ರೂಪಾಯಿ ಬಿಟ್ಟುಕೊಡುತ್ತಿದ್ದೀರಿ ಎಂಬುದು ತಿಳಿಯುತ್ತದೆ. ಅದು ನಿಮಗೆ ಒಪ್ಪಿಗೆಯೇ ಎಂದು ಮನೆಯವರೆಲ್ಲ ಕೂತು ಮಾತಾಡಿ.

ಇಷ್ಟು ಮಾಡಲು ಒಂದು ಸಂಜೆ ಸಾಕು. ಬೆಂಗಳೂರಿನ 1 ಲಕ್ಷ ಮೈಸೂರಿನಲ್ಲಿ ಒಂದು ಮನೆಗೆ 60 ಸಾವಿರಕ್ಕೆ ಸಮವಾಗಬಹುದು, ಪಕ್ಕದ ಮನೆಗೆ 95 ಸಾವಿರಕ್ಕೆ ಸಮವಾಗಬಹುದು. ಆ ಸಂಖ್ಯೆ ನಿಮ್ಮ ಬಾಡಿಗೆ ಕರಾರು, ಸಂಬಳದ ಚೀಟಿ ಮತ್ತು ಮಕ್ಕಳ ಶಾಲೆಯ ರಸೀದಿಯಲ್ಲಿದೆ, ವಾಟ್ಸಾಪ್ ಸಂದೇಶದಲ್ಲಿ ಸಿಗುವುದಿಲ್ಲ.